ನಾದಿನಿಯನ್ನು ವಾಪಸ್ಸು ಕಳಿಸಿದ್ದು

ಸೋಮವಾರ. ಇವತ್ತು ಒಪ್ಪತ್ತು. ಬೆಳಿಗ್ಗೆ ನೀರು ತುಂಬಿಸಿ, ಪಾತ್ರೆ ತೊಳೆದು, ದೇವರಿಗೆ ದೀಪ ಹಚ್ಚಿ ಆಸ್ಪತ್ರೆಗೆ ಹೋದೆ. ಮನೆಮನೆಗೆ ಹೋಗಿ ಲಸಿಕೆ ಹಾಕುವ ನಮ್ಮ ಹೆಂಗಸರ ಗುಂಪಿಗೆ ನಾನು ಮುಂದಾಳು ಆಗಬೇಕಂತೆ. ನಾಳೆ ಉತ್ತರ ಬರೆದು ಕೊಡಿ ಅಂದಿದ್ದಾರೆ ಡಾಕ್ಟರಮ್ಮ. "ಎಲ್ಲರ ಕೆಲಸ ನೀವೇ ಮಾಡಿದರೆ ಅವರು ಕಲಿಯೋದು ಯಾವಾಗ?" ಅಂತ ತರಬೇತಿಯಲ್ಲಿ ಅವರು ಕೇಳಿದ್ದು ಇನ್ನೂ ಚುಚ್ಚುತ್ತಿದೆ.

ನನ್ನ ನಾದಿನಿಯೂ ಗುಂಪಿನಲ್ಲಿದ್ದಾಳೆ. ಮೂಲೆಮನೆಯವರು ಬೈಯುತ್ತಾರೆಂದು ಇವತ್ತೂ ಅಲ್ಲಿನ ಮಗುವಿಗೆ ಲಸಿಕೆ ಹಾಕದೆ ಬಂದಿದ್ದಳು. ಎಂದಿನಂತೆ ನಾನೇ ಹೋಗಿಬರೋಣವೆಂದು ಚಪ್ಪಲಿ ಮೆಟ್ಟಿದವಳು ಹಾಗೇ ನಿಂತೆ. "ನೀನೇ ಇನ್ನೊಂದು ಸಲ ಹೋಗಮ್ಮ" ಅಂದೆ.

"ಇನ್ನೂ ಪಟ್ಟ ಕಟ್ಟಿಲ್ಲ, ಆಗಲೇ ಹುಕುಂ ಶುರುವಾಯ್ತಾ ಅತ್ತಿಗೆ?"

ಗುಂಪಿನವರೆಲ್ಲ ನಕ್ಕರು. ಅವಳ ಮದುವೆಯಾಗುವವರೆಗೂ ತಲೆ ಬಾಚಿದವಳು ನಾನು.

ಸಂಜೆ ಬಂದಳು. "ಬೈಸಿಕೊಂಡೆ. ಆಮೇಲೆ ಆ ಮನೆ ಅಜ್ಜಿ ಹತ್ತಿರ ಕೂತು ಮಾತಾಡಿದೆ. ಲಸಿಕೆ ಹಾಕಿಸಿದರು" ಅಂದಳು. ನನ್ನ ಮುಖ ನೋಡದೆ ಹೋದಳು. ಮುಂದಾಳು ಅಂದರೆ ದಿನಾ ಇದೇನಾ, ದೇವರೇ.

ಡಾಕ್ಟರಮ್ಮನಿಗೆ ಆಗಲಿ ಅಂತ ಉತ್ತರ ಬರೆದಿಟ್ಟಿದ್ದೇನೆ. ನಾನೇ ಒಯ್ದರೆ ದಾರಿಯಲ್ಲಿ ಹರಿದುಬಿಡುತ್ತೇನೆ. ಬೆಳಿಗ್ಗೆ ನಾದಿನಿಯನ್ನೇ ಕಳಿಸು ತಂದೆ, ಬಂದು ಕಾಗದ ಇಸಕೊಂಡು ಹೋಗಲಿ.