ಬೆಲ್ಟ್ ಬದಲಾಯಿಸಿದ ವಾರ

ಜನವರಿ 6, ಸೋಮವಾರ

ದಿನಾ ಕಾರಲ್ಲಿ ಕರ್ಕೊಂಡು ಹೋಗೋ ನಾಲ್ಕು ಮಕ್ಕಳನ್ನ ಕಿವುಡರ ಸ್ಕೂಲಿಗೆ ಬಿಟ್ಟು ಹಾಗೇ ಗ್ಯಾರೇಜಿಗೆ ಹೋದೆ. ಆಯಿಲ್ ಬದಲಾಯಿಸೋದಿತ್ತು. ಟೈಮಿಂಗ್ ಬೆಲ್ಟ್ ಯಾವಾಗ ಹಾಕ್ಸಿದ್ದು ಅಂತ ಮೆಕ್ಯಾನಿಕ್ ಮನೋಹರ ಕೇಳಿದ. ಗೊತ್ತಿಲ್ಲ. ಕಾರು ಮಾರಿದವನು ಎಲ್ಲಾ ಮಾಡ್ಸಿದೀನಿ ಅಂದಿದ್ದ, ಅಷ್ಟೇ.

ಎಂಜಿನ್ ಒಳಗಿನ ರಬ್ಬರ್ ಬೆಲ್ಟಂತೆ ಅದು. ಕಟ್ ಆದ್ರೆ ಗಾಡಿ ಓಡ್ತಾ ಇದ್ದ ಹಾಗೇ ಎಂಜಿನ್ ಆಫ್. ಮುಂಚೆ ಸದ್ದೂ ಇಲ್ಲ, ಸೂಚನೆಯೂ ಇಲ್ಲ. ಹಾಗಂದವನೇ ಆಮೇಲೆ, ಬೇಸಿಗೆ ರಜೆವರೆಗೂ ಎಳೆಯುತ್ತೆ ಬಿಡಿ ಅಕ್ಕ, ಅಂದ.

ಇವರದ್ದೂ ಅದೇ ಮಾತು. ಚೆನ್ನಾಗಿ ಓಡೋ ಗಾಡಿ ಯಾಕೆ ಬಿಚ್ಚಿಸ್ತೀಯ ಮಾರಾಯ್ತಿ ಅಂತ.

ಜನವರಿ 8, ಬುಧವಾರ

ಮಾಚೇನಹಳ್ಳಿ ಹತ್ರ ಹಿಂದಿನಿಂದ ಲಾರಿ. ಎದೆ ಒಡೆಯೋ ಹಾರನ್. ನಾನು ಬೆಚ್ಚಿಬಿದ್ದೆ. ಕನ್ನಡೀಲಿ ನೋಡಿದ್ರೆ ಹಿಂದಿನ ಸೀಟಿನ ಮೂವರೂ ಕೈಯಲ್ಲೇ ಏನೋ ಜೋಕ್ ಹೇಳ್ಕೊಂಡು ನಗ್ತಾ ಇದ್ದಾರೆ. ಅವರಿಗೆ ಲಾರಿ ಬಂದಿದ್ದೇ ಗೊತ್ತಿಲ್ಲ.

ಇಲ್ಲೇ ಎಂಜಿನ್ ನಿಂತ್ರೆ... ಇಳೀರಿ ಅಂತ ನಾನು ಕಿರುಚಿದ್ರೆ ಯಾರಿಗೆ ಕೇಳುತ್ತೆ?

ಬೆಳಗಿಂದ ತಲೇಲಿ ಇದೊಂದೇ. ಬೇಸಿಗೆವರೆಗೂ ಕಾಯಲ್ಲ.

ಜನವರಿ 12, ಭಾನುವಾರ

ಎಲ್ಲಾ ಮಕ್ಕಳ ಮನೆಗೂ ಹೋಗಿ ಹೇಳಿ ಬಂದೆ. ಕಾರು ಗ್ಯಾರೇಜಿಗೆ ಬಿಡ್ತೀನಿ, ಆಗೋವರೆಗೂ ನಾನೇ ಮಕ್ಕಳ ಜೊತೆ ಬಸ್ಸಲ್ಲಿ ಬರ್ತೀನಿ ಅಂತ. ಕಾಗದನಗರದ ದುರ್ಗಮ್ಮ ಮಾತ್ರ ಆಗಲ್ಲ ಅಂದ್ರು. ಮೊಮ್ಮಗಳು ಕವನ ಚಿಕ್ಕವಳಿದ್ದಾಗ ಒಂದ್ಸಲ ಬಸ್ಸಿಂದ ಎಲ್ಲೋ ಇಳಿದು ಕಳೆದುಹೋಗಿದ್ಳಂತೆ. ಸಂಜೆವರೆಗೂ ಸಿಕ್ಕಿರಲಿಲ್ಲ. ಈಗ ಎಂಟನೇ ಕ್ಲಾಸು, ಆದ್ರೂ ಬಸ್ಸಂದ್ರೆ ಅಜ್ಜಿಗೆ ಭಯ.

ಬೇರೆ ವ್ಯಾನ್ ನೋಡ್ಕೊಂಡುಬಿಟ್ರೆ ಅಂತ ನನಗೂ ಅಳುಕು. ಆದ್ರೂ ಲಾರಿ ವಿಷಯ ಹೇಳಿದೆ. ದುರ್ಗಮ್ಮ ಕವನಳ ಕಡೆ ನೋಡಿದ್ರು.

"ಮೊದಲು ಅದನ್ನ ಮಾಡ್ಸಮ್ಮ. ಬಸ್ಸಿಗೆ ನಾನೂ ಬರ್ತೀನಿ."

ಸಂಕ್ರಾಂತಿ ಹಬ್ಬ ಕಳೀಲಿ, ಕಾರು ಬಿಡೋದು ಗುರುವಾರ.

ಜನವರಿ 16, ಗುರುವಾರ



ಬೆಳಗ್ಗೆ ಮಕ್ಕಳನ್ನ ಬಿಟ್ಟು ಕಾರು ಗ್ಯಾರೇಜಿಗೆ ಕೊಟ್ಟೆ. ಮಧ್ಯಾಹ್ನ ಮನೋಹರನ ಫೋನು — ಅಕ್ಕ, ಒಂದ್ಸಲ ಬಂದು ನೋಡಿ.

ಹಳೇ ಬೆಲ್ಟು ಟೇಬಲ್ ಮೇಲಿತ್ತು. ಮೇಲಿಂದ ಏನೂ ಆಗಿಲ್ಲ, ಹೊಸದರ ಹಾಗೇ. ಅವನು ಒಳಮಗ್ಗಲು ತಿರುಗಿಸಿ ತೋರಿಸಿದ. ಉದ್ದಕ್ಕೂ ಬಿರುಕು. ಒಂದು ಕಡೆ ಹಲ್ಲುಗಳೇ ಇಲ್ಲ. ಸುಮ್ಮನೆ ಎಳೆದು ನೋಡಿದ, ಅಂಚು ಹರಿದುಕೊಂಡು ಬಂತು.

"ಬೇಸಿಗೆವರೆಗೂ ಅಂದಿದ್ದೆ ನಾನು," ಅಂದ.

ಅಲ್ಲೇ ಬೆಂಚಿನ ಮೇಲೆ ಕೂತೆ. ಟೀ ತರಿಸಿದ, ಕುಡಿಯೋಕೆ ಆಗ್ಲಿಲ್ಲ. ಇವರಿಗೆ ಫೋನ್ ಮಾಡಿದೆ. ಅಂಗಡೀಲಿ ಗಿರಾಕಿ ಇದ್ರು ಅನ್ಸುತ್ತೆ, ಎಲ್ಲಾ ಕೇಳಿಸ್ಕೊಂಡ್ರು. "ನನ್ನ ಮಾತು ಕೇಳ್ಲಿಲ್ವಲ್ಲ, ಒಳ್ಳೇದಾಯ್ತು ರಕ್ಷಾ." ಆಗ ಅಳು ಬಂತು. ಅಳ್ತಾ ಅಳ್ತಾ ನಗುವೂ.

ಜನವರಿ 17, ಶುಕ್ರವಾರ

ನಿನ್ನೆ ಸಂಜೆಯ ಹಾಗೇ ಬೆಳಗ್ಗೆಯೂ ಬಸ್ಸು ಫುಲ್ ರಶ್. ದುರ್ಗಮ್ಮ ಮೊಮ್ಮಗಳ ಕೈ ಬಿಡ್ಲೇ ಇಲ್ಲ. ಕಂಡಕ್ಟರ್ ಹತ್ರ ಬಂದಾಗ ಕವನ ಕೈ ಬಿಡಿಸ್ಕೊಂಡು, ಬೆರಳಲ್ಲಿ ಎಷ್ಟು ಜನ ಅಂತ ತೋರಿಸಿ, ಎಲ್ಲರ ಟಿಕೆಟ್ಟೂ ತಾನೇ ತಗೊಂಡ್ಳು. ಚಿಲ್ಲರೆ ಎಣಿಸಿ ಅಜ್ಜಿಗೆ ಕೊಟ್ಳು. ದುರ್ಗಮ್ಮ ಕಿಟಕಿ ಕಡೆ ಮುಖ ತಿರುಗಿಸ್ಕೊಂಡ್ರು. ನಾನು ನೋಡದ ಹಾಗೆ ಇದ್ದೆ.

ಸಂಜೆ ಗ್ಯಾರೇಜಲ್ಲಿ ಬೇರೆ ತಲೆನೋವು. ಹೊಸ ಬೆಲ್ಟ್ ಕೂರಿಸಿದ್ದಾನೆ, ಕಾರು ಸ್ಟಾರ್ಟ್ ಆಗ್ತಿಲ್ಲ. ಒಂದು ಹಲ್ಲು ಆಚೀಚೆ ಕೂತಿರಬೇಕು, ಮತ್ತೆ ಬಿಚ್ತೀನಿ ಅಂದ. ಚೆನ್ನಾಗಿದ್ದ ಗಾಡೀನ ನಾನೇ ಕೈಯಾರೆ ಹಾಳು ಮಾಡ್ಕೊಂಡ್ನಾ ಅಂತ... ವಾಪಸ್ಸೂ ಬಸ್ಸೇ. ಮಕ್ಕಳಿಗೆ ಖುಷಿ.

ಜನವರಿ 18, ಶನಿವಾರ

ಸ್ಟಾರ್ಟ್ ಆಯ್ತು! ಕೀ ತಿರುಗಿಸಿದ್ದಷ್ಟೇ. ಮನೋಹರ ಎರಡೂ ಕೈ ಮುಗಿದ, ನನಗೋ ಕಾರಿಗೋ.

ಸ್ಕೂಲ್ ಅರ್ಧ ದಿನ. ಮಧ್ಯಾಹ್ನ ಮಕ್ಕಳನ್ನ ಕಾರಲ್ಲಿ ಕರ್ಕೊಂಡು ಹೊರಟೆ. ಮಾಚೇನಹಳ್ಳಿ ಹತ್ರ ಲಾರಿಗಳ ಸಾಲು. ದಾಟಿದ್ಮೇಲೇನೇ ಗೊತ್ತಾಗಿದ್ದು, ಇವತ್ತು ಸ್ಟೀರಿಂಗ್ ಗಟ್ಟಿಯಾಗಿ ಹಿಡ್ಕೊಂಡಿರಲಿಲ್ಲ ಅಂತ.

ಮುಂದೆ ಕೂತಿದ್ದ ಕವನ ಡ್ಯಾಶ್‌ಬೋರ್ಡ್ ಮೇಲೆ ಅಂಗೈ ಇಟ್ಟು ನೋಡಿದ್ಳು. ಆಮೇಲೆ ಎರಡು ಕೈ ಜೋಡಿಸಿ ಕೆನ್ನೆ ಕೆಳಗೆ ಇಟ್ಕೊಂಡು ಕಣ್ಣು ಮುಚ್ಚಿದ್ಳು. ನಿದ್ದೆ ಬರ್ತಿದೆಯಾ ಅಂತ ಸನ್ನೆ ಮಾಡಿ ಕೇಳಿದೆ. ಇಲ್ಲ ಅಂತ ತಲೆ ಆಡಿಸಿ ಎಂಜಿನ್ ಕಡೆ ಬೆರಳು ತೋರಿಸಿದ್ಳು. ಕಾರು ಮಲಗಿದೆಯಂತೆ, ಅಷ್ಟು ನಯವಾಗಿ ಓಡ್ತಿದೆಯಂತೆ.

ಮನೆಗೆ ಬಂದು ಊಟ ಆಯ್ತು. ನಾಳೆ ಭಾನುವಾರ. ಈ ವಾರವೆಲ್ಲ ಸರಿಯಾಗಿ ನಿದ್ದೆ ಮಾಡಿಲ್ಲ, ಈಗ ಕಣ್ಣು ಎಳೀತಾ ಇದೆ. ಮಿಕ್ಕಿದ್ದು ಎದ್ದ ಮೇಲೆ ಬರೆ—