ತೂಕಕ್ಕೆ ಸಿಕ್ಕ ಚಿಕಿತ್ಸೆ ತಂಗಿಗೆ ಸಿಗಲಿಲ್ಲ

ಆಸ್ಪತ್ರೆಯ ಮಾನ್ಯ ವೈದ್ಯಕೀಯ ಅಧೀಕ್ಷಕರೇ,

ಗುಣವಾಗಿದೆ ಎಂದು ತಾವು ಮನೆಗೆ ಕಳಿಸಿದ ನನ್ನ ತಂಗಿ ತೀರಿಕೊಂಡಳು. ದಪ್ಪಗಾಗುವ ಭಯಕ್ಕೆ ಊಟವನ್ನೇ ಬಿಡಿಸುವ ಅನೊರೆಕ್ಸಿಯಾ ಎಂಬ ಆ ಕಾಯಿಲೆಗೆ ತಾವು ಡ್ರಿಪ್ ಹಾಕಿಸಿದಿರಿ, ಊಟ ಮಾಡಿಸಿದಿರಿ, ದಿನಾ ಬೆಳಿಗ್ಗೆ ತೂಕ ನೋಡಿಸಿದಿರಿ. ಅದಕ್ಕೆ ನಾನು ಋಣಿ. ಆದರೆ ಎಲುಬಿನ ಗೂಡಾಗಿದ್ದರೂ ತಾನು ದಪ್ಪಗಿದ್ದೇನೆಂದೇ ನಂಬಿದ್ದ ಆ ಮನಸ್ಸಿಗೆ ಏನು ಕೊಟ್ಟಿರಿ?

ಅವಳು ಬ್ಯೂಟಿ ಪಾರ್ಲರಿನಲ್ಲಿ ಕೂದಲು ಕತ್ತರಿಸುತ್ತಿದ್ದಳು. ಸುತ್ತಲೂ ಕನ್ನಡಿ. ಬಂದವರಿಗೆಲ್ಲ "ನಿಮ್ಗೆ ಇದು ಎಷ್ಟು ಚೆನ್ನಾಗಿ ಒಪ್ಪುತ್ತೆ!" ಎನ್ನುತ್ತಿದ್ದವಳು ತನ್ನ ಬಿಂಬ ಕಂಡರೆ ಮುಖ ತಿರುಗಿಸುತ್ತಿದ್ದಳು.

ತಮ್ಮಲ್ಲೇ ಒಬ್ಬ ಆಪ್ತಸಮಾಲೋಚಕಿ ಇದ್ದರು. ಒಂದು ಮಧ್ಯಾಹ್ನ ಅವರು ತಂಗಿಯ ಕೈಗೆ ದಾರ ಕೊಟ್ಟು, "ನಿನ್ನ ಸೊಂಟ ಎಷ್ಟು ದಪ್ಪ ಅನ್ಸುತ್ತೋ ಅಷ್ಟು ಅಗಲಕ್ಕೆ ನೆಲದ ಮೇಲೆ ಸುತ್ತಿಡು" ಎಂದರು. ಅವಳಿಟ್ಟ ಸುತ್ತಿನೊಳಗೆ ನಾವಿಬ್ಬರೂ ನಿಲ್ಲಬಹುದಿತ್ತು. ಆಮೇಲೆ ಇನ್ನೊಂದು ದಾರದಿಂದ ಅವಳ ಸೊಂಟವನ್ನೇ ಅಳೆದು, ಅದನ್ನು ಆ ಸುತ್ತಿನೊಳಗೆ ಸುತ್ತಿಟ್ಟು ತೋರಿಸಿದರು. "ಸುಳ್ಳು, ನೀವು ಬಿಗಿಯಾಗಿ ಎಳೆದ್ರಿ" ಎಂದು ತಂಗಿ ಜಗಳಕ್ಕೇ ನಿಂತಳು. ತಾನೇ ಮತ್ತೆ ಅಳೆದಳು. ದಾರವನ್ನು ಒಳಸುತ್ತಿನ ಮೇಲೆ ಇಟ್ಟು ನೋಡಿ, "ಅಕ್ಕಾ, ನನ್ನ ಕಣ್ಣೇ ನಂಗೆ ಮೋಸ ಮಾಡ್ತಿದ್ಯಾ?" ಎಂದಳು. ಅಷ್ಟು ವರ್ಷಗಳಲ್ಲಿ ನನ್ನ ಜೀವಕ್ಕೆ ತಂಪೆನಿಸಿದ ಮಾತು ಅದೊಂದೇ.

ಮರುವಾರವೇ ಆ ಸಮಾಲೋಚಕಿಯನ್ನು ಬೇರೆ ವಿಭಾಗಕ್ಕೆ ಕಳಿಸಿದಿರಿ. ಬೇಡ ಎಂದು ಅಂಗಲಾಚಿದ ನನಗೆ ತಾವು ದಯಪಾಲಿಸಿದ ಉತ್ತರ: "ತೂಕ ಬಂತಲ್ಲಮ್ಮ, ಇನ್ನೇನು? ಕನ್ನಡಿ ಚಿಂತೆ ಎಲ್ಲಾ ಹುಡುಗೀರಿಗೂ ಇರುತ್ತೆ." ಎಂಥ ಪಾಂಡಿತ್ಯ, ಸ್ವಾಮಿ! ಜ್ವರ ಇಳಿಯದೆ ಯಾರನ್ನಾದರೂ ಮನೆಗೆ ಕಳಿಸುತ್ತೀರಾ? ಇವಳ ಜ್ವರ ಇದ್ದದ್ದೇ ಆ ಕನ್ನಡಿಯಲ್ಲಿ.

ಹೊರಡುವಾಗ ವಾರ್ಡಿನ ನರ್ಸಮ್ಮ ಪ್ರೀತಿಯಿಂದಲೇ ಅವಳ ಕೆನ್ನೆ ಸವರಿ, "ಮೈ ಕೈ ತುಂಬ್ಕೊಂಡು ಲಕ್ಷಣವಾಗಿದ್ದೀಯ" ಎಂದರು. ತಂಗಿ ನನ್ನ ಕೈ ಗಟ್ಟಿಯಾಗಿ ಹಿಡಿದಳು. "ಕೇಳಿಸ್ತಾ ಅಕ್ಕಾ? ಅವ್ರಿಗೂ ಕಾಣ್ತಿದೆ."

ಅಂದಿನಿಂದ ಮತ್ತೆ ತಟ್ಟೆ ದೂರ ತಳ್ಳಿದಳು. ಆಸ್ಪತ್ರೆಗೆ ಹೋಗೋಣ ಎಂದು ಕಾಲು ಹಿಡಿದೆ; "ಮತ್ತೆ ದಪ್ಪ ಮಾಡಿ ಕಳಿಸ್ತಾರೆ, ಅಷ್ಟೇ" ಎಂದಳು. ಒಂದು ದಿನ ಪಾರ್ಲರಿನಲ್ಲಿ ಯಾರದೋ ತಲೆ ಬಾಚುತ್ತಿದ್ದಾಗ ಕುಸಿದಳು. ನಾನು ಓಡಿಹೋಗುವಷ್ಟರಲ್ಲಿ ಹೃದಯ ನಿಂತಿತ್ತು.

ನನ್ನ ಬೇಡಿಕೆ ದೊಡ್ಡದಲ್ಲ. ಆ ಸಮಾಲೋಚಕಿಯನ್ನು ವಾರ್ಡಿಗೆ ಮರಳಿ ಕರೆಸಿ. ಈಗ ಅಲ್ಲಿ ಮಲಗಿರುವ ಯಾವ ಹುಡುಗಿಯನ್ನೂ, ಅವಳ ದೇಹ ಅವಳಿಗೆ ಹೇಗೆ ಕಾಣುತ್ತಿದೆ ಎಂದು ಕೂತು ಕೇಳದೆ, ಕೇಳಿಸಿಕೊಂಡದ್ದಕ್ಕೆ ಚಿಕಿತ್ಸೆ ಕೊಡದೆ, ಮನೆಗೆ ಕಳಿಸಬೇಡಿ. ಅವಳಿಗೂ ಮನೆಯಲ್ಲಿ ಯಾರೋ ಹಾಸಿಗೆ ಹಾಸಿ ಕಾಯುತ್ತಿರುತ್ತಾರೆ.

ಇಂತಿ,
ಈಗ ಯಾರಿಗೂ ಅಕ್ಕನಲ್ಲದವಳು