ಭಾನುವಾರ ಇಲ್ಲದ ಸೆಲ್ಲು

ಮಾರ್ಚ್ 3, ಸೋಮವಾರ. ಬೆಳಿಗ್ಗೆ 8.10

ಟೆಸ್ಟಿಂಗ್ ರೂಮಿನ ಬೀಗ ತೆಗೆದೆ. ಉಷ್ಣತೆ 21.4. ಮೇನ್ ಸ್ವಿಚ್ ಹಾಕಿದೆ. ನಲವತ್ತೆಂಟು ಸೆಲ್ಲುಗಳೂ ಎದ್ದವು. ಮೊದಲ ರೀಡಿಂಗಿನಲ್ಲಿ ಸೆಲ್ಲಿನ ಶಕ್ತಿ ಎಂದಿನಂತೆ ಶನಿವಾರಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಭಾನುವಾರ ಕೋಣೆ ತಣ್ಣಗಿರುತ್ತದೆ, ಅದಕ್ಕೇ. ಹದಿನಾಲ್ಕು ತಿಂಗಳಿಂದ ಪ್ರತಿ ಸೋಮವಾರ ಇದೇ ಷರಾ ಬರೆಯುತ್ತಿದ್ದೇನೆ.

ಇದೇ ಸೆಲ್ಲಿನ ಬ್ಯಾಟರಿ ಪ್ಯಾಕ್‌ಗಳು ಇವತ್ತು ಟ್ರಯಲ್‌ಗೆ ಹೊರಟವು. ನಲವತ್ತು ಮನೆಗೆ ನಲವತ್ತು. ಎಲ್ಲವೂ ಉಸಿರಾಟದ ಮೆಶಿನ್ ಇಟ್ಟುಕೊಂಡವರ ಮನೆಗಳು. ಉಪ್ಪಣ್ಣ ಗೇಟಿನ ತನಕ ಹೋಗಿ ವ್ಯಾನಿಗೆ ಟಾಟಾ ಮಾಡಿ ಬಂದ. ನಮ್ಮ ಕೆಮಿಸ್ಟ್ ಅವನು. ಸೆಲ್ಲಿಗೆ ಉಪ್ಪಿನಂಶ ಬಳಸುತ್ತಾನೆಂದು ಆ ಹೆಸರು. ಈಗ ಸಂಬಳದ ಚೀಟಿ ಬಿಟ್ಟರೆ ಬೇರೆಲ್ಲೂ ಅವನ ನಿಜವಾದ ಹೆಸರಿಲ್ಲ.

"ಮೇಡಂ, ಮಗಳನ್ನ ಗಂಡನ ಮನೆಗೆ ಕಳಿಸಿದ ಹಾಗಾಯ್ತು."

"ಅಳಬೇಡಿ. ರೀಡಿಂಗ್ ಬರೆದುಕೊಳ್ಳಿ" ಎಂದೆ.

ಬಿಡುಗಡೆಯ ಕಾಗದದ ಮೇಲೆ ನನ್ನ ಸಹಿ. ಮೂರೂವರೆ ಸಾವಿರ ಸಲ ತುಂಬಿಸಿ ಖಾಲಿ ಮಾಡಿದರೂ ಶಕ್ತಿ ಇಳಿದದ್ದು ಶೇಕಡಾ ಎರಡು. ಬೆಂಕಿ ಹತ್ತುವುದಿಲ್ಲ. ಆರು ನಿಮಿಷದಲ್ಲಿ ಚಾರ್ಜ್. ಇಂಥ ಅಂಕಿಗಳನ್ನು ನನ್ನ ಇಪ್ಪತ್ತೆರಡು ವರ್ಷದಲ್ಲಿ ನೋಡಿಲ್ಲ.

ಅದೇ ದಿನ. ಸಂಜೆ

ಅಕ್ಕನ ಪ್ಯಾಕನ್ನು ನಾನೇ ಒಯ್ದು ಜೋಡಿಸಿದೆ. ಪಟ್ಟಿಯಲ್ಲಿ ಅವಳ ಹೆಸರು ಸೇರಿಸಿದವಳೂ ನಾನೇ.

ಅಕ್ಕನ ಎದೆಯ ಸ್ನಾಯುಗಳು ಸೋತು ಆರು ವರ್ಷ. ಮೂಗಿನ ಮೇಲೆ ಮಾಸ್ಕ್, ಸೊಂಟದ ಹತ್ತಿರ ಮೆಶಿನ್. ಮೆಶಿನ್ ನಿಂತರೆ ತಾನಾಗಿ ಉಸಿರಾಡಬಲ್ಲದ್ದು ಹದಿನೈದು ನಿಮಿಷ. ಹಳೇ ಬ್ಯಾಟರಿ ನಾಲ್ಕೂವರೆ ಕಿಲೋ, ಚಕ್ರದ ಗಾಡಿ ಮೇಲೆ. ಮೆಟ್ಟಿಲು ಬಂದರೆ ಮುಗಿಯಿತು. ಹೊಸದು ಆರುನೂರು ಗ್ರಾಂ. ಕೈಯಲ್ಲಿ ತೂಗಿ ನೋಡಿ ಕೇಳಿದಳು:

"ಒಳಗೆ ಏನಾದ್ರೂ ಹಾಕಿದೀರೋ, ಇಲ್ಲ ಬರೀ ಡಬ್ಬಿನೋ?"

ಭಾವ ವಾಚ್ ರಿಪೇರಿ ಮಾಡುವವರು. ಕಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡು ಪ್ಯಾಕಿನ ಅಂಚನ್ನೆಲ್ಲ ನೋಡಿದರು. ಸ್ಕ್ರೂ ಇಲ್ಲವೆಂದು ಬೇಸರ.

ಟ್ರಯಲ್‌ನ ನಿಯಮ ಹೇಳಿದೆ. ಮೆಶಿನ್ ಹಗಲೂ ರಾತ್ರಿ ಪ್ಯಾಕಿನ ಮೇಲೆಯೇ ಓಡಬೇಕು. ಪ್ಯಾಕು ಗೋಡೆಯಿಂದ ತುಂಬಿಕೊಳ್ಳಬೇಕು. ಪ್ರತಿ ಚಾರ್ಜಿಗೂ ಪುಸ್ತಕದಲ್ಲಿ ಒಂದು ಗೀಟು.

"ಆಯ್ತು ಮೀಟರಮ್ಮ. ಗೀಟು ಎಷ್ಟು ಮಿಲಿಮೀಟರ್ ಇರಬೇಕು?"

ಮಾರ್ಚ್ 8, ಶನಿವಾರ

ಸಂಜೆ ಆರಕ್ಕೆ ಮೇನ್ ಆಫ್. ಭಾನುವಾರ ಪಾಳಿ ಇಲ್ಲ. ಯಾರೂ ಇಲ್ಲದ ಕೋಣೆಯಲ್ಲಿ ಸೆಲ್ಲು ಚಾರ್ಜ್ ಆಗಕೂಡದು. ಐದು ವರ್ಷದ ಹಿಂದೆ ಹಳೇ ಬಗೆಯದೊಂದು ಸೆಲ್ಲು ಹೊತ್ತಿಕೊಂಡು ಅರ್ಧ ಬೆಂಚು ಸುಟ್ಟುಹೋದ ಮೇಲೆ ನಾನೇ ಮಾಡಿದ ನಿಯಮ. ಬಾಗಿಲ ಮೇಲಿನ ಬೋರ್ಡೂ ನನ್ನ ಅಕ್ಷರವೇ.

ಅಕ್ಕ ಇವತ್ತು ಬೀದಿಯ ಕೊನೆಯ ತನಕ ನಡೆದಳಂತೆ. ಗಾಡಿ ಇಲ್ಲದೆ.

ಮಾರ್ಚ್ 13, ಗುರುವಾರ. ಮಧ್ಯಾಹ್ನ

ಅಕ್ಕನ ಫೋನು. ಗೀಟು ಮೂವತ್ತೆಂಟು. ದಿನಕ್ಕೆ ನಾಲ್ಕು. ಮಾತಿಗೆ ಮಾತು ಬಂದು, ಭಾನುವಾರ ನಮ್ಮ ಸೆಲ್ಲುಗಳಿಗೂ ರಜೆ ಎಂದೆ.

"ಪುಣ್ಯವಂತ ಸೆಲ್ಲುಗಳು! ನನ್ನ ಡಬ್ಬಿಗೆ ಎಲ್ಲಿದೆಯೇ ರಜೆ? ಭಾನುವಾರ ಉಸಿರಾಡಬೇಡ ಅಂತೀಯಾ?"

ನಕ್ಕೆ. ಫೋನಿಟ್ಟೆ. ರಿಜಿಸ್ಟರ್ ತೆರೆದೇ ಇತ್ತು.

ಸೋಮವಾರ, ಸೋಮವಾರ, ಸೋಮವಾರ... ಅರವತ್ತು ಸೋಮವಾರಗಳು. ಪ್ರತಿಯೊಂದೂ ಹಿಂದಿನ ಶನಿವಾರಕ್ಕಿಂತ ಮೇಲೆ. ಕೋಣೆಯ ಉಷ್ಣತೆಯನ್ನೂ ಪಕ್ಕದಲ್ಲೇ ಬರೆದಿದ್ದೇನೆ. ಹನ್ನೊಂದು ಸೋಮವಾರ ಕೋಣೆ ಬೆಚ್ಚಗಿತ್ತು. ಆಗಲೂ ಮೇಲೆ.

ತಣ್ಣಗಿದ್ದದ್ದಕ್ಕಲ್ಲ. ಸುಧಾರಿಸಿಕೊಂಡದ್ದಕ್ಕೆ.

ವಾರವಿಡೀ ದಣಿಸಿ, ಒಂದು ದಿನ ಮಲಗಿಸಿ, ದಣಿವೇ ಇಲ್ಲವೆಂದು ಸಹಿ ಹಾಕಿದ್ದೇನೆ.

ಮಾರ್ಚ್ 14, ಶುಕ್ರವಾರ

ಉಪ್ಪಣ್ಣನಿಗೆ ತೋರಿಸಿದೆ. ತುಂಬಾ ಹೊತ್ತು ಪುಟ ತಿರುಗಿಸಿದ.

"ಒಳಗೆ ಸಣ್ಣ ಪೊಳ್ಳು ಆಗ್ತಿರಬಹುದು ಮೇಡಂ. ಸುಮ್ಮನೆ ಬಿಟ್ಟರೆ ತಾನೇ ಮುಚ್ಚಿಕೊಳ್ಳತ್ತೆ."

"ಬಿಡದಿದ್ದರೆ?"

"...ಗೊತ್ತಿಲ್ಲ. ನಾವು ಯಾವತ್ತೂ ಬಿಡದೇ ಇದ್ದದ್ದೇ ಇಲ್ಲವಲ್ಲ."

ಆರು ಹೊಸ ಸೆಲ್ಲು ಬೇರೆ ಬೆಂಚಿಗೆ ಹಾಕಿದೆವು. ಬೆಳಿಗ್ಗೆ 9ಕ್ಕೆ ಶುರು. ದಿನಕ್ಕೆ ಹತ್ತು ಚಾರ್ಜ್, ರಜೆ ಇಲ್ಲ. ಭಾನುವಾರ ನಾನು ಕೂರುತ್ತೇನೆ. ಡೈರೆಕ್ಟರ್ ಒಪ್ಪಿದರು, ಮುಖ ಗಂಟು ಹಾಕಿಕೊಂಡೇ. "ಮದುವೆ ಆದಮೇಲೆ ಜಾತಕ ನೋಡ್ತೀರಾ?"

ಅಕ್ಕನಿಗೆ ಹೇಳಬೇಕೇ? ಹೇಳುವುದಕ್ಕೆ ಏನಿದೆ, ಒಂದು ಅನುಮಾನ. ಅಂಕಿ ಬರಲಿ.

ಮಾರ್ಚ್ 16, ಭಾನುವಾರ

ಬೋರ್ಡಿನ ಕೆಳಗೆ ಕುರ್ಚಿ ಹಾಕಿಕೊಂಡು ಕೂತೆ. ಇಡೀ ಕಟ್ಟಡದಲ್ಲಿ ನಾನು, ವಾಚ್‌ಮನ್, ಫ್ಯಾನಿನ ಸದ್ದು. ಆರೂ ಸೆಲ್ಲು ಗೀಟು ಎಳೆದಂತೆ ಸಮ.

ಮಾರ್ಚ್ 20, ಗುರುವಾರ

ಚಾರ್ಜ್ ಅರವತ್ತು ದಾಟಿತು. ಇನ್ನೂ ಸಮ. ಉಪ್ಪಣ್ಣ ಶಿಳ್ಳೆ ಹಾಕಲು ಶುರು ಮಾಡಿದ್ದಾನೆ. "ನೋಡಿದ್ರಾ, ನನ್ನ ಮಗಳು ಗಟ್ಟಿಗಿತ್ತಿ."

ನನಗೂ ಜೀವ ಬಂದಂತಾಯಿತು. ಅಕ್ಕನಿಗೆ ಹೇಳದಿದ್ದದ್ದೇ ಒಳ್ಳೆಯದಾಯಿತು ಅನ್ನಿಸಿತು. ಅನ್ನಿಸಿತು ಎಂದು ಇಲ್ಲಿ ಬರೆದಿಡುತ್ತೇನೆ.

ಮಾರ್ಚ್ 23, ಭಾನುವಾರ. 11.20

ಮೂರನೇ ಸೆಲ್ಲು ಹೋಯಿತು. ತೊಂಬತ್ತೊಂದನೇ ಚಾರ್ಜಿನಲ್ಲಿ.

ಮೆಲ್ಲಗೆ ಇಳಿಯಲಿಲ್ಲ. ತೊಂಬತ್ತರ ತನಕ ನೆಲದಂತೆ ಸಮ, ಆಮೇಲೆ ಬಾವಿ. ಒಂದೂವರೆ ನಿಮಿಷದಲ್ಲಿ ಸೊನ್ನೆ. ಪರದೆಯ ಮೇಲೆ ಮಾತ್ರ ನಾಲ್ಕೂ ಹಸಿರು ಪಟ್ಟಿ — ತುಂಬಿದೆ, ತುಂಬಿದೆ, ತುಂಬಿದೆ.

12.15

ಉಪ್ಪಣ್ಣನಿಗೆ ಫೋನು. "ಆರರಲ್ಲಿ ಒಂದು ಮೇಡಂ. ಮಾಡುವಾಗಲೇ ಏನೋ..." ಎನ್ನುತ್ತಿದ್ದ. ಮಾತು ಮುಗಿಯುವ ಮೊದಲೇ ಐದನೆಯದು ಉರುಳಿತು. ಹೇಳಿದೆ. "ಐದು ವರ್ಷದ ಕೆಲಸ ಮೇಡಂ" ಎಂದ. ಅಷ್ಟೇ.

ಡೈರೆಕ್ಟರ್: "ಮಂಗಳವಾರ ಮೀಟಿಂಗ್ ಇದೆ. ಅಲ್ಲಿತನಕ ಯಾರ ಹತ್ತಿರಾನೂ ತುಟಿ ಬಿಚ್ಚಬೇಡಿ."

"ನಲವತ್ತು ಮನೆ ಸಾರ್."

"ನಲವತ್ತು ಮನೇಲೂ ಹಳೇ ಬ್ಯಾಟರಿ ಇದೆಯಲ್ಲ?"

"ಇದೆ. ಮೂಲೇಲಿ."

ಫೋನಿಟ್ಟು, ಪಟ್ಟಿ ತೆಗೆದು, ಮೊದಲ ಮನೆಯ ನಂಬರ್ ಒತ್ತಿದೆ. ಮೊದಲನೆಯದು ಅಕ್ಕನ ಮನೆಯದೇ. ತಲುಪಲಿಲ್ಲ.

3.40

ಮೂವತ್ತೊಂಬತ್ತು ಮನೆ ಮುಗಿಯಿತು. ಪ್ಯಾಕ್ ತೆಗೆಯಿರಿ, ಹಳೆಯದನ್ನು ಹಾಕಿ, ಪರದೆಯನ್ನು ನಂಬಬೇಡಿ. ಒಬ್ಬ ಅಜ್ಜ, "ಎಷ್ಟು ಹಗುರ ಇತ್ತಮ್ಮ" ಎಂದು ಅತ್ತೇಬಿಟ್ಟರು. ಉಳಿದವರು ಬೈದರು. ಬೈಗುಳವೇ ಸುಲಭ.

ಕೊನೆಗೆ ಭಾವ ಸಿಕ್ಕರು. ಹಿಂದೆ ಏನೋ ಭೋರ್ಗರೆತ.

"ಎಲ್ಲಿದ್ದೀರಿ ಭಾವ?"

"ಸಮುದ್ರದ ಹತ್ರ ಕಣಮ್ಮ! ನಿನ್ನೆ ಬಸ್ಸು ಹತ್ತಿಬಿಟ್ವಿ. ನಿನಗೆ ಹೇಳಿದ್ರೆ ಅಂಕಿ-ಅಂಶ ಕೊಟ್ಟು ಬೇಡ ಅಂತೀಯ ಅಂತ ನಿಮ್ಮಕ್ಕ..."

"ಹಳೇ ಬ್ಯಾಟರಿ?"

"ಅದನ್ಯಾಕೆ ತರಬೇಕು?"

ಅಕ್ಕ ಫೋನು ಕಸಿದುಕೊಂಡಳು. ಎಲ್ಲ ಹೇಳಿದೆ. ಏನೂ ಬಚ್ಚಿಡಲಿಲ್ಲ, ಹತ್ತು ದಿನದ ಹಿಂದೆಯೇ ಅನುಮಾನ ಬಂದಿತ್ತೆಂಬುದನ್ನೂ. ಗೀಟು ಎಷ್ಟು ಎಂದು ಕೇಳಿದೆ. ಎಂಬತ್ನಾಲ್ಕು. ತಿರುಗಾಟದಲ್ಲಿ ಹೆಚ್ಚು ಖರ್ಚಾಗಿದೆ.

"ನಿಮ್ಮಲ್ಲಿ ಎಷ್ಟಕ್ಕೆ ಹೋಯ್ತು?"

"ತೊಂಬತ್ತೊಂದಕ್ಕೆ."

"ಹಾಗಾದ್ರೆ ಇನ್ನೂ ಏಳಿದೆ."

"ಅಕ್ಕ, ಪ್ಯಾಕ್ ತೆಗಿ. ಮೆಶಿನ್ ನೇರ ಗೋಡೆಗೆ ಹಾಕ್ಕೊಂಡು ರೂಮಲ್ಲೇ ಇರು. ನಾಳೆ ಮೊದಲ ಬಸ್ಸಿಗೆ ಹಳೇದನ್ನ ತರ್ತೀನಿ."

"ಆಯ್ತು ಕಣೇ, ಆಯ್ತು. ಕೂಗಬೇಡ. ಅಲೆ ಸದ್ದು ಕೇಳಿಸ್ತಿಲ್ಲ."

ಮಾರ್ಚ್ 24, ಸೋಮವಾರ. ಬಸ್ಸಿನಲ್ಲಿ. 7.30

ರಜೆಚೀಟಿ ಬರೆಯದೆ ಹೊರಟ ಮೊದಲ ದಿನ. ನನ್ನ ಬಳಿಯ ಕೀಲಿಯಿಂದ ಅಕ್ಕನ ಮನೆ ತೆರೆದು ತಂದ ಹಳೇ ಬ್ಯಾಟರಿ ತೊಡೆಯ ಮೇಲೆ. ಕಾಲು ಜೋಮು ಹಿಡಿದಿದೆ. ಕಂಡಕ್ಟರ್ ಅದಕ್ಕೂ ಟಿಕೆಟ್ ಕೇಳಿದ.

"ಏನಮ್ಮ ಇದು, ಬಾಂಬಾ?"

"ಅಕ್ಕನ ಉಸಿರು" ಎಂದೆ. ಬಾಯಿತಪ್ಪಿ ಬಂತು. ಟಿಕೆಟ್ ಹರಿಯದೆ ಮುಂದೆ ಹೋದ.

ಇನ್ನೂ ಐದು ಗಂಟೆ.

8.50

ಭಾವನ ಫೋನು ಎರಡು ಸಲ ಬಂದು ಕಟ್ಟಾಯಿತು. ಕೇಳಿಸಿದ್ದು ಒಂದೇ ಮಾತು: "ನಿಂತೋಯ್ತು."

ಈ ರಸ್ತೆಯಲ್ಲಿ ಸಿಗ್ನಲ್ ಇಲ್ಲ. ಹದಿನೈದು ನಿಮಿಷ. ಗಡಿಯಾರ ನೋಡುತ್ತಿದ್ದೇನೆ.

8.58

ಸಿಗ್ನಲ್ ಇನ್ನೂ ಇಲ್ಲ.

9.05

ಹದಿನೈದು ಮುಗಿಯಿತು.

9.31

ಸಿಗ್ನಲ್ ಬಂತು. ಭಾವ ಎತ್ತಿದರು. ಏದುಸಿರು. "ಇದ್ದಾಳೆ. ಗೋಡೆಗೆ ಹಾಕಿದೀನಿ. ಇದ್ದಾಳೆ." ನನಗೆ ಅಲ್ಲ, ತಮಗೇ ಹೇಳಿಕೊಳ್ಳುತ್ತಿದ್ದರು.

ಲಾಡ್ಜ್. ಮಧ್ಯಾಹ್ನ 3

ಅಕ್ಕ ಮಲಗಿದ್ದಾಳೆ. ತುಟಿಯ ಬಣ್ಣ ಮರಳಿದೆ. ಮೆಶಿನ್ ನೇರ ಗೋಡೆಯ ಮೇಲೆ. ಭಾವ ಕುರ್ಚಿಯಲ್ಲಿ ಕೂತು ಮಂಡಿ ಒತ್ತಿಕೊಳ್ಳುತ್ತಿದ್ದಾರೆ. ಅರವತ್ತೊಂದರ ವಯಸ್ಸಿನಲ್ಲಿ ಅವಳನ್ನು ಎತ್ತಿಕೊಂಡು ಒದ್ದೆ ಮರಳಿನಲ್ಲಿ ಓಡಿದ್ದಾರೆ. ಹನ್ನೊಂದು ನಿಮಿಷ.

ನಡೆದದ್ದು ಇಷ್ಟು. ನಿನ್ನೆ ನನ್ನ ಫೋನಿನ ಮೇಲೂ ಅಕ್ಕ ಪ್ಯಾಕ್ ತೆಗೆದಿರಲಿಲ್ಲ. ಸಂಜೆ ಸೂರ್ಯ ಮುಳುಗುವುದನ್ನು ನೋಡಿದಳು. ರಾತ್ರಿಯೂ ಅದರ ಮೇಲೆಯೇ ಮಲಗಿದಳು. ಬೆಳಿಗ್ಗೆ ಗೀಟು ಎಂಬತ್ತೆಂಟು. ಪಾದ ಒದ್ದೆ ಮಾಡಿಕೊಂಡು ಬರುತ್ತೇನೆಂದು ಹೊರಟಳು. ಅಲೆಯಲ್ಲಿ ಪಾದ ಮುಳುಗಿದಾಗ ಮೆಶಿನ್ ಸುಮ್ಮನಾಯಿತು.

ಎಂಬತ್ತೆಂಟು. ನಮ್ಮ ಬೆಂಚಿನ ಮೇಲೆ ಅತಿ ಕಡಿಮೆ ತೊಂಬತ್ತೊಂದು. ಬಿಸಿಲೋ, ನಡೆಯುವಾಗಿನ ಅಲುಗಾಟವೋ, ಗೊತ್ತಿಲ್ಲ.

ಎಚ್ಚರವಾದಾಗ ಕೇಳಿದೆ. "ತೆಗಿ ಅಂದಿದ್ದೆನಲ್ಲ ಅಕ್ಕ."

"ಅಂದೆ. ಅದಕ್ಕಿಂತ ಮೊದಲು ತೊಂಬತ್ತೊಂದು ಅಂದೆ." ಮಾಸ್ಕಿನೊಳಗಿಂದ ಮಾತು ತಡೆತಡೆದು ಬಂತು. "ನಿನ್ನ ಅಂಕಿ ಯಾವತ್ತಾದ್ರೂ ತಪ್ಪಿದೆಯೇನೇ? ಚಿಕ್ಕೋಳಿದ್ದಾಗ ಬಿಸ್ಕೆಟ್ ಎಣಿಸಿದ್ರೂ ನಿನ್ನ ಲೆಕ್ಕವೇ ಸರಿ ಇರ್ತಿತ್ತು."

ಆರೇ ಸೆಲ್ಲಿನಿಂದ ತೆಗೆದ ಅಂಕಿ ಅದು. ಇಷ್ಟು ಕಡಿಮೆ ಆಧಾರದ ಮೇಲೆ ಆಫೀಸಿನಲ್ಲಾದರೆ ಒಂದು ಸಾಲನ್ನೂ ಬರೆಯುತ್ತಿರಲಿಲ್ಲ. ಅಕ್ಕ ಕೇಳಿದಳೆಂದು ಹೇಳಿಬಿಟ್ಟೆ.

ಪ್ಯಾಕು ಕಿಟಕಿಯ ಕಟ್ಟೆಯ ಮೇಲಿದೆ. ಪರದೆಯಲ್ಲಿ ನಾಲ್ಕು ಹಸಿರು ಪಟ್ಟಿ. ಮಗುಚಿಟ್ಟೆ.

ಮಾರ್ಚ್ 25, ಮಂಗಳವಾರ. ಲಾಡ್ಜ್. ಬೆಳಿಗ್ಗೆ 10

ಮೀಟಿಂಗ್ ಶುರುವಾಗುವ ಮೊದಲೇ ಡೈರೆಕ್ಟರ್ ಫೋನು. ಬೈಗುಳ ನಿರೀಕ್ಷಿಸಿದ್ದೆ. ದನಿ ಮೆತ್ತಗಿತ್ತು.

"ನೀವು ಮನೆಗಳಿಗೆ ಫೋನ್ ಮಾಡಿದ್ದು ಒಳ್ಳೇದೇ ಆಯ್ತು, ಬಿಡಿ. ಈಗ ಕೇಳಿ. ವಾರಕ್ಕೊಂದು ದಿನ ರೆಸ್ಟ್ ಕೊಟ್ಟರೆ ಸೆಲ್ಲು ಸರಿ ಇರತ್ತೆ ಅಂತ ನಿಮ್ಮ ರಿಜಿಸ್ಟರೇ ಹೇಳತ್ತಲ್ಲ. ಮನೆಗೆ ಎರಡೆರಡು ಪ್ಯಾಕ್ ಕೊಡೋಣ. ಒಂದನ್ನ ಎಷ್ಟು ಚಾರ್ಜಿಗೆ ತೆಗೆದಿಡಬೇಕು ಅಂತ ಒಂದು ಸೇಫ್ ನಂಬರ್ ಬರೆದು ಕಳಿಸಿ. ಅರವತ್ತು? ಐವತ್ತು? ಸಹಿ ನಿಮ್ಮದೇ ಇರಲಿ. ಹನ್ನೊಂದರೊಳಗೆ."

"ಇನ್ನೂ ಟೆಸ್ಟ್ ಮಾಡಬೇಕು ಸಾರ್."

"ಎಷ್ಟು ದಿನ?"

"ವರ್ಷ."

"ವರ್ಷ ಅಂದ್ರೆ ಇವತ್ತೇ ಬಾಗಿಲು ಹಾಕ್ತಾರೆ. ಯೋಚಿಸಿ."

ಉಪ್ಪಣ್ಣನ ಮೆಸೇಜ್: "ಮೇಡಂ, ನೀವು ಏನು ಬರೆದರೂ ನಾನು ನಿಮ್ಮ ಕಡೆ." ಅದನ್ನು ಬರೆಯಲು ಅವನಿಗೆ ಎಷ್ಟು ಹೊತ್ತು ಹಿಡಿದಿರಬೇಕು.

10.35

ಅಕ್ಕ ಎಲ್ಲ ಕೇಳಿಸಿಕೊಂಡಿದ್ದಾಳೆ. ದಿಂಬಿಗೆ ಒರಗಿ ಕೂತಿದ್ದಾಳೆ. ಪಕ್ಕದಲ್ಲಿ ಹಳೇ ಬ್ಯಾಟರಿ. ಅದರ ಕಡೆ ತಿರುಗಿಯೂ ನೋಡುತ್ತಿಲ್ಲ.

"ಬರಿಯೇ."

"ಏನಂತ?"

"ಅರವತ್ತೋ, ಐವತ್ತೋ. ಅರವತ್ತು ಅಂತ ಬರೆದ್ರೆ ನಾನು ಐವತ್ತೊಂಬತ್ತಕ್ಕೇ ನಿಲ್ಲಿಸ್ತೀನಿ. ನಿನ್ನಾಣೆ."

ಭಾವ ಥಟ್ಟನೆ ಎದ್ದರು. "ಅವಳ ಆಣೆ ಯಾಕೆ? ನಿನ್ನೆ ಓಡಿದ್ದು ನಾನು!"

"ಅದಕ್ಕೇ ಹೇಳ್ತಿರೋದು, ಇನ್ನು ಓಡೋದು ಬೇಡ ಅಂತ." ಆಮೇಲೆ ನನ್ನ ಕಡೆ ತಿರುಗಿ, ತುಂಬ ಮೆಲ್ಲಗೆ: "ಆರು ವರ್ಷ ಆಯ್ತು ಕಣೇ. ಮೂರು ವಾರ ಮನುಷ್ಯಳ ಹಾಗೆ ತಿರುಗಾಡಿದೆ. ನೀನೊಂದು ಅಂಕಿ ಬರಿ. ನಾನು ನಂಬ್ತೀನಿ."

10.50

ನಂಬುತ್ತಾಳೆ. ಉಳಿದ ಮೂವತ್ತೊಂಬತ್ತು ಮನೆಯವರೂ ನಂಬುತ್ತಾರೆ. ಆ ಅಜ್ಜ ಎಲ್ಲರಿಗಿಂತ ಮೊದಲು.

ಡೈರೆಕ್ಟರಿಗೆ ಕಳಿಸಬೇಕಾದ ಕಾಗದ ಮುಂದಿದೆ. ಮೇಲೆ ಪ್ಯಾಕಿನ ನಂಬರ್, ಬಳಕೆದಾರರ ಹೆಸರು, ಪ್ಯಾಕು ನಿಂತುಹೋದ ಸ್ಥಳ — ತುಂಬಿಸಿದೆ. ಕೆಳಗೆ ನನ್ನ ಸಹಿಗೆ ಜಾಗ. ನಡುವೆ ಒಂದೇ ಖಾನೆ ಖಾಲಿ: ಎಷ್ಟು ಚಾರ್ಜಿನ ತನಕ ಸುರಕ್ಷಿತ. ಐವತ್ತಕ್ಕೆ ಆಧಾರವಿಲ್ಲ. ನಲವತ್ತಕ್ಕೂ ಇಲ್ಲ. ಸೊನ್ನೆಗೆ ಮಾತ್ರ ಇದೆ.

ಅಕ್ಕ ನೋಡುತ್ತಿದ್ದಾಳೆ. ನನ್ನ ಮುಖವನ್ನಲ್ಲ, ಪೆನ್ನಿನ ತುದಿಯನ್ನು.

ಬರೆಯುತ್ತಿದ್ದೇನೆ. ಮೊದಲ ಅಂಕಿ ಸೊನ್ನೆ. ಎರಡನೆಯದು ಇಲ್ಲ.